ಖಾನಾಪುರಕ್ಕೆ ಬಂದ ಭಟ್ಟಿ

೧೯೮೩ರಲ್ಲಿ ನಮ್ಮ ಬೆಳಗಾವಿ ಫೌಂಡ್ರಿಯ ಭಟ್ಟಿ ವಾರಕ್ಕೆರಡು ದಿನದ ಬದಲು ಆರೂ ದಿನ ಉರಿಯತೊಡಗಿತು. ಜರ್ಮನಿಯ ಕಂಪನಿಯೊಂದು ತನ್ನೂರಿನ ಭಟ್ಟಿ ಮುಚ್ಚಿ, ಪಂಪಿನ ಭಾಗಗಳನ್ನು ನಮ್ಮಲ್ಲಿ ಎರಕ ಹೊಯ್ಯಿಸತೊಡಗಿತ್ತು. ಅಲ್ಲಿಂದ ಬಂದ ಸಾಹೇಬ ಒಂದು ಫೋಟೋ ತೋರಿಸಿದ. ಹಳೆಯ ಭಟ್ಟಿಯಿದ್ದ ಜಾಗದಲ್ಲಿ ಹುಲ್ಲು, ಹುಲ್ಲಿನ ಮೇಲೆ ಮಕ್ಕಳು. ಅಲ್ಲಿನ ಜನ ಹೊಗೆ ಸಹಿಸುವುದಿಲ್ಲವಂತೆ. ಅಚ್ಚಿನ ಮರಳು ಮೆತ್ತಿದ ಕೈಯಲ್ಲಿ ಫೋಟೋ ಹಿಡಿದು, ಕೆಲಸ ನಮಗೆ ಬಂತೆಂದು ನಾವೆಲ್ಲ ಖುಷಿಪಟ್ಟೆವು. ಬುದ್ಧಿ ಅಂತ ಒಂದಿದ್ದರೆ ಆವತ್ತೇ ಹೆದರಬೇಕಿತ್ತು.

ನನ್ನ ಮನೆ ಫೌಂಡ್ರಿಯ ಗೋಡೆಗೆ ಹತ್ತಿಕೊಂಡೇ ಇತ್ತು. ಆರು ವರ್ಷದ ಮಗಳು ಮಾಯಕ್ಕನಿಗೆ ಉಬ್ಬಸ ಶುರುವಾಯಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಿದ್ದಳು. ಫೌಂಡ್ರಿಯಲ್ಲಿ ಕೆಲಸ ಮುಗಿದ ಮೇಲೆ ಆಳಿಗೊಂದು ಹೆಂಟೆ ಬೆಲ್ಲ ಕೊಡುವ ಪದ್ಧತಿ. ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದೆಂದು ನಮ್ಮ ನಂಬಿಕೆ. ನನ್ನ ಪಾಲನ್ನು ಬಾಯಿಗೆ ಹಾಕದೆ ಒಂದು ವರ್ಷ ಮಗಳಿಗೆ ತಿನ್ನಿಸಿದೆ. ಹಲ್ಲು ಹುಳುಕಾದವು, ಉಬ್ಬಸ ಇಳಿಯಲಿಲ್ಲ.

ಫೌಂಡ್ರಿಯ ಪಕ್ಕದ ಬಡಾವಣೆ ಟಿಳಕವಾಡಿಯ ಡಾಕ್ಟರು ನನ್ನನ್ನು ಚೆನ್ನಾಗಿಯೇ ಬೈದರು.

"ಬೆಲ್ಲ ಹೊಟ್ಟಿಗೆ ಹೋಗ್ತದ, ಹೊಗಿ ಎದಿಗೆ ಹೋಗ್ತದ. ಮದಲ ಈ ಹುಡಿಗಿನ್ನ ಇಲ್ಲಿಂದ ಒಯ್ಯಿರಿ. ಇನ್ನೊಂದು ವರ್ಷ ಈ ಹೊಗಿ ಕುಡದ್ರ ಈಕಿ ಉಳಿಯೂದು ಕಠಿಣ ಅದ."

ನಾನೂ ಹೆಂಡತಿಯೂ ಮಗಳನ್ನು ಖಾನಾಪುರದಲ್ಲಿದ್ದ ನನ್ನ ಅಕ್ಕ ಕಾಶವ್ವನ ಮನೆಯಲ್ಲಿ ಬಿಟ್ಟು ಬಂದೆವು. ಮೂರು ತಿಂಗಳಲ್ಲಿ ಹುಡುಗಿ ಅಡ್ಡಾಗಿ, ಕೈಕಾಲು ಚಾಚಿ ಮಲಗತೊಡಗಿದಳು. ಅದನ್ನು ಕಣ್ಣಾರೆ ನೋಡಿದ ದಿನ ನಾನು ಹಿತ್ತಲಿಗೆ ಹೋಗಿ ಅತ್ತೆ.

ಮರುದಿನ ಫೌಂಡ್ರಿಯಲ್ಲಿ ನಮ್ಮ ಮಾಲಕರು ಬಾಳಾಸಾಹೇಬರು, "ಗುರುಪಾದಪ್ಪಾ, ಮಗಳು ಹ್ಯಾಂಗದಾಳು?" ಎಂದು ಕೇಳಿದರು. ಕೆಟ್ಟ ಮನುಷ್ಯರಲ್ಲ.

"ಆರಾಮ ಅದಾಳ್ರಿ ಮಾಲಕ್ರ. ಖಾನಾಪುರದ ಗಾಳಿನ ಔಷಧ ನೋಡ್ರಿ! ನಮ್ಮಕ್ಕನ ಮನಿ ಮುಂದ ದೊಡ್ಡ ಬಯಲೈತಿ, ಬಾಜೂಕ ಮಲಪ್ರಭಾ ಹೊಳಿ, ರೇಲ್ವೆ ಟೇಶನ್ ಕೂಗಳತಿ."

"ಬ್ಯಾಸಗ್ಯಾಗ ಹೊಳಿಗೆ ನೀರಿರ್ತಾವೇನು? ಬಯಲು ಯಾರದು?"

ಬೇಸಿಗೆಯಲ್ಲೂ ನೀರಿರುತ್ತದೆಂದು ಹೇಳಿದೆ, ಬಯಲಿನ ಒಡೆಯನ ಹೆಸರನ್ನೂ ಹೇಳಿದೆ. ಊರೆಲ್ಲ ನನ್ನದೇ ಎಂಬಂತೆ ಕೊಚ್ಚಿಕೊಂಡೆ.

ಆ ವರ್ಷ ಜರ್ಮನಿಯವರು ಎರಡು ಪಟ್ಟು ಮಾಲು ಕೇಳಿದರು. ಇತ್ತ ಟಿಳಕವಾಡಿಯವರು ಒಣಹಾಕಿದ ಬಟ್ಟೆಯೆಲ್ಲ ಕರ್ರಗಾಗುತ್ತಿದೆಯೆಂದು ಅರ್ಜಿ ಕೊಟ್ಟರು. ಬಾಳಾಸಾಹೇಬರು ನನ್ನನ್ನು ಕರೆದು ಕೂಡಿಸಿದರು.

"ಆ ಬಯಲು ತಗೊಂಡೇನಿ. ಹೊಸಾ ಭಟ್ಟಿ ಅಲ್ಲೇ. ನೀನ ಮೇಸ್ತ್ರಿ. ಇನ್ನ ಮಗಳ ಜೋಡಿ ಇರಬಹುದಲ್ಲ, ಖರೇ ಹೇಳು, ಖುಷಿ ಆತಿಲ್ಲೊ?"

ಅವರು ನಿಜವಾಗಿಯೂ ನನಗೆ ಉಪಕಾರ ಮಾಡಿದೆನೆಂದುಕೊಂಡಿದ್ದರು. "ಆಗಲಿ ರೀ" ಅಂದೆ. ನನ್ನ ನಾಲಗೆಗೆ ಗೊತ್ತಿದ್ದದ್ದು ಅದೊಂದೇ ಮಾತು.

ಮನೆಯಲ್ಲಿ ಹೆಂಡತಿ ಚಂದ್ರವ್ವ ಬೈಯಲಿಲ್ಲ. "ಇನ್ನ ಯಾವೂರಿಗೆ ಒಯ್ಯೂಣು ಆಕಿನ್ನ?" ಎಂದಳು. ಅದಕ್ಕಿಂತ ದೂರದಲ್ಲಿ ನಮಗೆ ನೆಂಟರಿರಲಿಲ್ಲ.

ಹೊಸ ಭಟ್ಟಿಗೆ ಮೊದಲ ಬೆಂಕಿ ಇಡುವುದು ಮೇಸ್ತ್ರಿಯೇ. ವಿಭೂತಿ ಹಚ್ಚಿ, ಕಾಯಿ ಒಡೆದು, ಕಟ್ಟಿಗೆಗೆ ಬೆಂಕಿ ಕೊಟ್ಟೆ. ಕೋಕು ಎಂಬ ಕಲ್ಲಿದ್ದಲು ಕೆಂಪಾದ ಮೇಲೆ ಕಬ್ಬಿಣ ತುಂಬಿ, ಗಾಳಿಯೂದುವ ಬ್ಲೋವರ್ ಚಾಲೂ ಮಾಡಿಸಿದೆ. ಚಿಮಣಿಯ ಹೊಗೆ ಸ್ವಲ್ಪ ಮೇಲೇರಿ, ಪಡುವಣ ಗಾಳಿಗೆ ಬಾಗಿ ಕಾಶವ್ವನ ಅಂಗಳಕ್ಕಿಳಿಯಿತು. ಅಪ್ಪ ಇನ್ನು ಇಲ್ಲೇ ಇರುತ್ತಾನೆಂಬ ಸಂಭ್ರಮದಲ್ಲಿ ಮಾಯಕ್ಕ ಬೇಲಿಯ ಆಚೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಆಮೇಲೆ ಚಪ್ಪಾಳೆ ನಿಂತಿತು. ಎದೆಯ ಮೇಲೆ ಕೈಯಿಟ್ಟುಕೊಂಡು ನೆಲಕ್ಕೆ ಕುಳಿತಳು.

ಕಬ್ಬಿಣ ತುಂಬಿದ ಭಟ್ಟಿಯನ್ನು ನಡುವೆ ನಿಲ್ಲಿಸುವಂತಿಲ್ಲ; ಕಬ್ಬಿಣ ಒಳಗೇ ಗಟ್ಟಿಯಾಗಿ ಭಟ್ಟಿ ಹಾಳಾಗುತ್ತದೆ. ಬಾಳಾಸಾಹೇಬರು ನನ್ನ ಮುಖ ನೋಡುತ್ತಿದ್ದರು. ನಾನು ಬೇಲಿಗೆ ಬೆನ್ನು ಮಾಡಿ, ಇನ್ನಷ್ಟು ಕೋಕು ಹಾಕಲು ಆಳುಗಳಿಗೆ ಹೇಳಿದೆ.