ಅಣ್ಣ ತುಂಬಿಟ್ಟ ಎರಡು ತೋಟಾ

ನಮ್ಮ ಕ್ಯಾಂಪಿಗೆ ಕಾಡು ಸೇರಿದ ಕೋಣಗಳ ಬೇಟೆಗೆಂದು ಬರುವವರೆಲ್ಲ ಮೊದಲ ದಿನ ಕಾಗದಕ್ಕೆ ಗುಂಡು ಹೊಡೆಯಬೇಕು. ಊರಲ್ಲಿ ಎಷ್ಟೇ ಬಹುಮಾನ ಗೆದ್ದಿರಲಿ, ಗೆದ್ದಲು ಹುತ್ತಕ್ಕೆ ಒರಗಿಸಿದ ಹಲಗೆಯ ಮೇಲಿನ ಕಪ್ಪು ಚುಕ್ಕೆಗೆ ಹೊಡೆದು ತೋರಿಸಿದ ಮೇಲೇ ವಿನ್ಸ್ ಅವರನ್ನು ಬೇಟೆಗೆ ಕರೆದುಕೊಂಡು ಹೋಗುವುದು. ವಿನ್ಸ್ ಮುಂದೆ ನಡೆದು ಕೋಣ ತೋರಿಸುವವನು. ನಾನು ರೋಂಡಾ. ಅಡುಗೆ ಮಾಡುವುದು, ಟ್ರಕ್ಕು ಓಡಿಸುವುದು, ಬಿದ್ದ ಕೋಣದ ಚರ್ಮ ಸುಲಿಯುವುದು, ಮೂರೂ ನನ್ನ ತಲೆಗೇ ಕಟ್ಟಿವೆ.

ನೆಲ ಮಾತ್ರ ಇಲ್ಲಿನ ಮೂಲನಿವಾಸಿಗಳಾದ ಆಗ್ನೆಸ್ ಅಜ್ಜಿಯ ಕುಲದವರದು. ಬೇಟೆಗೆ ಬಂದವರಿಗೆ ಕೊಂಬು, ಕುಲದವರಿಗೆ ಮಾಂಸ. ಹಾಗಾಗಿ ಅಜ್ಜಿ ಪ್ರತಿ ಬೇಟೆಗೂ ಟ್ರಕ್ಕಿನ ಹಿಂಭಾಗದಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತು ಬರುತ್ತಾಳೆ. ಎಷ್ಟೋ ವರ್ಷದ ಹಿಂದೆ ನನ್ನನ್ನು ಮಗಳು ಮಾಡಿಕೊಂಡಳು, ವಿನ್ಸ್‌ನನ್ನು ತಮ್ಮ ಮಾಡಿಕೊಂಡಳು. ಆ ಲೆಕ್ಕದಲ್ಲಿ, ನನಗಿಂತ ಎಷ್ಟೋ ಚಿಕ್ಕವನಾದ ವಿನ್ಸ್ ನನಗೆ ಸೋದರಮಾವ, ನಾನು ಅವನಿಗೆ ಸೊಸೆ. ಇದರ ಪೂರ್ತಿ ಲಾಭವನ್ನು ಅವನು ಪಡೆಯುತ್ತಾನೆ.

ಲಿಂಡ್ಸೆ ಕ್ರೇಕ್ ಬಂದದ್ದು ಮಳೆಯಿಲ್ಲದ ಒಣ ತಿಂಗಳುಗಳ ನಡುವಿನಲ್ಲಿ. ದೂರದ ದಕ್ಷಿಣದ ವಿಕ್ಟೋರಿಯಾ ಕಡೆಯ ಕುರಿ ಸಾಕುವ ಮುದುಕ, ಕಡಿಮೆ ಮಾತಿನವನು. ಆ ಕಡಿಮೆ ಮಾತೂ ಸತ್ತುಹೋದ ಅಣ್ಣ ಹೆಡ್ಲಿಯ ವಿಷಯವೇ. ಇಬ್ಬರೂ ಸೇರಿ ಒಮ್ಮೆ ಇಲ್ಲಿಗೆ ಬರಬೇಕೆಂದು ಹುಡುಗರಾಗಿದ್ದಾಗಿನಿಂದ ಅಂದುಕೊಂಡಿದ್ದರಂತೆ. ಕೊನೆಗೆ ಹೊರಟಾಗ ಒಬ್ಬನೇ ಉಳಿದಿದ್ದ. ಟೀ ಕುಡಿಯುತ್ತ ಜೇಬಿನಿಂದ ಬಟ್ಟೆಯ ಗಂಟೊಂದನ್ನು ಬಿಚ್ಚಿ ಎರಡು ತೋಟಾಗಳನ್ನು ಮೇಜಿನ ಮೇಲೆ ನಿಲ್ಲಿಸಿದ.

“ಹೆಡ್ಲಿ ಕೈಯಾರೆ ಮದ್ದು ತುಂಬಿ ಮಾಡಿದ್ದು. ಇವೆರಡೇ ಉಳಿದಿರೋದು. ಒಂದು ಕೋಣಕ್ಕೆ, ಇನ್ನೊಂದು ಮನೆ ಶೋಕೇಸಿಗೆ. ಹೆಡ್ಲಿ ಗುಂಡಿಂದಾನೇ ಕೋಣ ಬೀಳ್ಬೇಕು. ಅಷ್ಟಕ್ಕೇ ನಾನು ಬಂದಿರೋದು.”

ವಿನ್ಸ್ ಒಂದನ್ನು ಎತ್ತಿ ಬೆರಳುಗಳ ನಡುವೆ ಹೊರಳಿಸಿದ.

“ಯಜಮಾನ್ರೇ, ಇದು ಜಿಂಕೆಗೆ ತುಂಬಿದ್ದು. ಹಗುರ, ಮೂತಿ ಮೆತ್ತಗೆ. ಜಿಂಕೆ ಮೈಯಲ್ಲಿ ಚೆನ್ನಾಗಿ ಅರಳತ್ತೆ. ಕೋಣದ ಮೂಳೆಗೆ ತಾಗಿದ್ರೆ ಬಿಸ್ಕತ್ತು ಮುರಿದ ಹಾಗೆ ಮುರಿಯತ್ತೆ.”

“ಮೂಳೆಗ್ಯಾಕೆ ಹೊಡೀತೀನಿ? ಪಕ್ಕೆಲುಬಿನ ಸಂದಿಗೆ ಹೊಡೀತೀನಿ.”

“ಕೋಣ ಏನು ಮದುವೆ ಫೋಟೋಗೆ ನಿಂತಿರತ್ತಾ?” ಎಂದ ವಿನ್ಸ್. ಆಮೇಲೆ ಮುದುಕನ ಮುಖ ನೋಡಿ ಸ್ವಲ್ಪ ದನಿ ಇಳಿಸಿದ. “ಒಂದ್ ಕೆಲ್ಸ ಮಾಡೋಣ. ಹತ್ತಿರದಲ್ಲಿ, ಪಕ್ಕೆ ತೋರಿಸ್ಕೊಂಡು ನಿಂತಿದ್ರೆ ಮೊದಲ ಗುಂಡು ನಿಮ್ಮಣ್ಣಂದೇ ಆಗ್ಲಿ. ಅದರ ಬೆನ್ನಿಗೇ ನಾನು ಕೊಡೋ ಗಟ್ಟಿ ಗುಂಡು. ಆದ್ರೆ ಶೋಕೇಸಿಗೆ ಅಂತ ಇಟ್ಟಿರೋದನ್ನ ಈಗ ಕಾಗದಕ್ಕೆ ಹೊಡೀರಿ. ಗುಂಡಿನ ತೂಕ ಬೇರೆ ಆದ್ರೆ ಬೀಳೋ ಜಾಗಾನೂ ಬೇರೆ. ಎಲ್ಲಿ ಬೀಳತ್ತೆ ಅಂತ ಗೊತ್ತಿಲ್ದೆ ಕೋಣಕ್ಕೆ ಹೊಡೆಯೋಕೆ ನಾನು ಬಿಡಲ್ಲ.”

“ಹೆಡ್ಲಿ ಗುಂಡನ್ನ ಕಾಗದಕ್ಕೆ ದಂಡ ಮಾಡ್ಲಾ?”

“ಹಾಗಾದ್ರೆ ಎರಡೂ ಗಂಟಿನೊಳಗೇ ಇರ್ಲಿ.”

ಲಿಂಡ್ಸೆ ಗಂಟು ಕಟ್ಟಿದ. ಗಟ್ಟಿ ಗುಂಡುಗಳನ್ನು ಕಾಗದಕ್ಕೆ ಹೊಡೆದ. ಚುಕ್ಕೆಯ ಮೇಲೆ ಒಂದಕ್ಕೊಂದು ಅಂಟಿಕೊಂಡಂತೆ ಬಿದ್ದವು. ಕಣ್ಣೂ ಕೈಯೂ ಚೆನ್ನಾಗಿಯೇ ಇದ್ದವು, ಅದನ್ನು ಒಪ್ಪಬೇಕು.

ಟ್ರಕ್ಕಿನಿಂದ ಆಗ್ನೆಸ್ ಗೊಣಗಿದಳು. ಸತ್ತವರ ಹೆಸರನ್ನು ಬಾಯಿಬಿಟ್ಟು ಹೇಳುವುದು ಅವಳ ಕಡೆಯವರಲ್ಲಿ ಇಲ್ಲ, ಸತ್ತವರ ಸಾಮಾನನ್ನು ಹೊತ್ತು ತಿರುಗುವುದೂ ಇಲ್ಲ. “ಮಗಳೇ, ಆ ಮುದುಕನಿಗೆ ಹೇಳೇ. ಎಷ್ಟ್ ಸಲ ಕರೀತಾನೆ ಅವನನ್ನ, ಪಾಪ, ಹೋದವನು ಹೋಗೋದಾದ್ರೂ ಹ್ಯಾಗೆ?”

“ನೀನೇ ಹೇಳಮ್ಮ.”

“ನಾನು ಹೇಳಿದ್ರೆ ಮುದುಕಿಗೆ ತಲೆ ಕೆಟ್ಟಿದೆ ಅಂತಾನೆ. ನನಗಿಂತ ಅವನೇ ಮುದುಕ.”

ಮರುದಿನ ಬೆಳಿಗ್ಗೆ ಜೌಗಿನ ಅಂಚಿನಲ್ಲಿ ಕೋಣ ಸಿಕ್ಕಿತು. ಒಂಟಿ, ಮೈತುಂಬ ಒಣ ಕೆಸರು, ಎರಡೂ ಕಡೆ ಚಾಚಿದ ಕೊಂಬು. ನಾನು ಟ್ರಕ್ಕನ್ನು ಹುತ್ತದ ಮರೆಗೆ ನಿಲ್ಲಿಸಿದೆ. ವಿನ್ಸ್, ಲಿಂಡ್ಸೆ ಇಬ್ಬರೂ ಬಗ್ಗಿ ಮುಂದೆ ಹೋದರು. ಕೋಣ ಸೊಗಸಾಗಿ ಪಕ್ಕೆ ತೋರಿಸಿ ನಿಂತಿತ್ತು, ನಿಜವಾಗಿಯೂ ಫೋಟೋಗೆ ನಿಂತ ಹಾಗೆ. ವಿನ್ಸ್ ಗಾಳಿ ನೋಡಲು ಆ ಕಡೆ ತಿರುಗಿದ್ದಾಗ ಲಿಂಡ್ಸೆಯ ಕೈ ಜೇಬಿಗೆ ಹೋಗಿ ಬಂದದ್ದು ನನಗೆ ಕಂಡಿತು. ಕರ್ಚೀಫು ತೆಗೆದನೇನೋ ಎಂದುಕೊಂಡೆ.

ಗುಂಡು ಹಾರಿತು. ಕೋಣದ ಭುಜದ ಮೇಲ್ಭಾಗದಿಂದ ಧೂಳೆದ್ದಿತು. ಅಷ್ಟು ಮೇಲೆ ತಾಗಬಾರದಿತ್ತು. ಕೋಣ ಮುಗ್ಗರಿಸಿತು, ಎದ್ದಿತು, ಲಿಂಡ್ಸೆ ಎರಡನೆಯದು ಹೊಡೆಯುವಷ್ಟರಲ್ಲಿ ಕೇದಗೆ ಮೆಳೆಯೊಳಗೆ ನುಗ್ಗಿಬಿಟ್ಟಿತು.

ಗಾಯಗೊಂಡ ಕೋಣವನ್ನು ಹಾಗೇ ಬಿಟ್ಟು ಬರುವುದು ನಮ್ಮಲ್ಲಿಲ್ಲ. ವಿನ್ಸ್ ಟ್ರಕ್ಕಿನ ಬಳಿ ಬಂದು ತನ್ನ ಮನೆಯ ಬೀಗದ ಕೈಯನ್ನು ನನ್ನ ಕೈಗೆ ಹಾಕಿದ. ಮೆಳೆಯೊಳಗೆ ಹೋಗುವ ಮುಂಚೆ ಪ್ರತಿ ಸಲವೂ ಹೀಗೆ ಮಾಡುತ್ತಾನೆ. ಡಾರ್ವಿನ್ ಪಟ್ಟಣದ ಆ ಮನೆಯಲ್ಲಿ ಅವನ ಹೆಂಡತಿ ಇದ್ದಾಳೆ, ಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಕೀಲಿ ಯಾಕೆ ಎಂದು ನಾನು ಯಾವತ್ತೂ ಕೇಳಿಲ್ಲ.

“ನಾನೂ ಬರ್ತೀನಿ,” ಎಂದ ಲಿಂಡ್ಸೆ.

“ಬೇಡ. ಇಲ್ಲೇ ನನ್ನ ಸೊಸೆ ಹತ್ರ ಇರಿ,” ಎಂದು ವಿನ್ಸ್ ಒಳಗೆ ಹೋದ.

ಕಾದೆವು. ಕೇದಗೆಯ ಒಣ ಗರಿ ಎಲ್ಲೋ ಒಂದು ಸಲ ಸರಕ್ಕೆಂದಿತು. ಆಮೇಲೆ ಎರಡು ಗುಂಡು, ಒಂದರ ಹಿಂದೆ ಒಂದು. ಆಮೇಲೆ ಏನೂ ಇಲ್ಲ. ಕೊನೆಗೆ ವಿನ್ಸ್‌ನ ಸಿಳ್ಳೆ ಕೇಳಿತು, ಆಗ್ನೆಸ್ ಕತ್ತಿಯ ಚೀಲ ಎತ್ತಿಕೊಂಡಳು. ಹೋಗಿ ನೋಡಿದರೆ ಕೋಣ ತಾನು ಬಂದ ದಾರಿಗೇ ಮುಖ ಮಾಡಿ, ಹಿಂದೆ ಬರುವವನಿಗಾಗಿ ಕಾದು ನಿಂತಿದ್ದು, ವಿನ್ಸ್‌ನ ಬೂಟಿನ ಮುಂದೇ ಬಂದು ಬಿದ್ದಿತ್ತು. ಬೂಟಿನ ಮೇಲೆ ಅದರ ಮೂಗಿನ ನೊರೆ ಇತ್ತು.

ನಾನೂ ಆಗ್ನೆಸ್ಸೂ ಕತ್ತಿ ಮಸೆದು ಕೂತೆವು. ವಿನ್ಸ್‌ನ ಗಟ್ಟಿ ಗುಂಡುಗಳು ಎದುರಿನಿಂದ ಹೋಗಿ ಹೊಟ್ಟೆಯ ಆಳದಲ್ಲಿ ಇಡಿಯಾಗಿಯೇ ಸಿಕ್ಕವು. ಭುಜದ ಮಾಂಸದಲ್ಲಿ ಸಿಕ್ಕಿದ್ದು ತೆಳ್ಳನೆಯ ತಾಮ್ರದ ಸಿಪ್ಪೆ, ಸೀಸದ ಪುಡಿ. ಮುದುಕನ ಜೇಬಿನಿಂದ ಬಂದದ್ದು ಕರ್ಚೀಫಾಗಿರಲಿಲ್ಲ.

“ಒಳ್ಳೇ ಭುಜ ಹಾಳು ಮಾಡ್ದ,” ಎಂದಳು ಆಗ್ನೆಸ್, ಸಿಪ್ಪೆಯನ್ನು ಉಗುರಿನಿಂದ ಕಿತ್ತು ನನ್ನ ಕೈಗಿಡುತ್ತ. “ನನ್ನ ತಮ್ಮನ್ನೂ ಹಾಳು ಮಾಡ್ತಿದ್ದ.”

ನಮ್ಮ ಕ್ಯಾಂಪಿನ ಪದ್ಧತಿಯೆಂದರೆ, ಪ್ರಾಣಿಯ ಮೈಯಿಂದ ತೆಗೆದ ಗುಂಡನ್ನು ತೊಳೆದು, ಊಟದ ಹೊತ್ತಿಗೆ ಹೊಡೆದವನ ತಟ್ಟೆಯ ಪಕ್ಕ ಇಡುವುದು. ಬಚ್ಚಿಡುವುದಿಲ್ಲ, ಬದಲಾಯಿಸುವುದಿಲ್ಲ. ನನಗೆ ಮುದುಕನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಆ ತಾಮ್ರದ ಚೂರುಗಳನ್ನು ಒಂದೂ ಬಿಡದೆ ಅವನ ತಟ್ಟೆಯ ಪಕ್ಕ ಜೋಡಿಸಿದೆ, ಆಮೇಲೆ ತಟ್ಟೆಗೆ ಕೋಣದ ಬೆಂದ ನಾಲಿಗೆಯನ್ನೂ ರೊಟ್ಟಿಯನ್ನೂ ಬಡಿಸಿದೆ.

ಲಿಂಡ್ಸೆ ಚೂರುಗಳನ್ನು ನೋಡಿದ. ಚಮಚ ಎತ್ತಲಿಲ್ಲ.

ವಿನ್ಸ್ ಬೈಯುತ್ತಾನೆಂದು ನಾನು ಕಾದಿದ್ದೆ. ಅವನು ರೊಟ್ಟಿ ಮುರಿಯುತ್ತ, “ನಿಮ್ಮಣ್ಣ ಅಲ್ಲಿ ಪಕ್ಕದಲ್ಲಿ ನಿಂತಿದ್ದಿದ್ರೆ ಏನ್ ಮಾಡ್ತಿದ್ರು?” ಎಂದ.

ಮುದುಕ ಒಂದು ಚೂರನ್ನು ಬೆರಳಿನಿಂದ ಹೊರಳಿಸಿದ. “ಕೋವಿ ಕಿತ್ಕೊಂಡು ಟ್ರಕ್ಕಿಗೆ ಕಳಿಸ್ತಿದ್ದ. ಹೊಸದಾಗಿ ತುಂಬಿದ್ದನ್ನ ಕಾಗದಕ್ಕೆ ಹೊಡೀದೆ ನನ್ನ ಕೈಗೆ ಯಾವತ್ತೂ ಕೊಟ್ಟೋನಲ್ಲ.” ಆಮೇಲೆ, “ನಿನ್ನ ಮಕ್ಳು ಎಷ್ಟು ದೊಡ್ಡೋರು?” ಎಂದ.

ವಿನ್ಸ್ ಹೇಳಿದ. ಲಿಂಡ್ಸೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಬೆಳಿಗ್ಗೆ ನಾನು ಒಲೆ ಹಚ್ಚುವಾಗ ಅವನು ಕೋವಿಯನ್ನು ಬೆಂಚಿನ ಮೇಲಿಟ್ಟು ಹಲಗೆಗೆ ಹೊಸ ಕಾಗದ ಅಂಟಿಸುತ್ತಿದ್ದ. ವಿನ್ಸ್ ಎದ್ದು ಬಂದ, ಆಗ್ನೆಸ್ ಟ್ರಕ್ಕಿನಲ್ಲೇ ಎದ್ದು ಕೂತಳು. ಮುದುಕ ಗಂಟು ಬಿಚ್ಚಿ ಶೋಕೇಸಿಗೆಂದು ಇಟ್ಟಿದ್ದ ತೋಟಾ ತೆಗೆದು ಕೋವಿಗೆ ಹಾಕಿದ. ಬೆಂಚಿನ ಮೇಲೆ ಮೊಣಕೈ ಊರಿ, ಉಸಿರು ಹಿಡಿದು ಹೊಡೆದ.

ಎಲ್ಲರೂ ನಡೆದು ಹೋಗಿ ನೋಡಿದೆವು. ತೂತು ಚುಕ್ಕೆಯ ನೇರಕ್ಕೇ ಇತ್ತು, ಒಂದು ಗೇಣು ಮೇಲೆ. ಕೋಣದ ಭುಜದ ಮೇಲೆ ಬಿದ್ದಷ್ಟೇ ಮೇಲೆ.

ಲಿಂಡ್ಸೆ ತೂತಿನೊಳಗೆ ಬೆರಳು ತೂರಿಸಿ ನಿಂತ. “ಅಣ್ಣ ಇದನ್ನ ಹೇಳೋಕೆ ಅಂತ ಗಂಟಿನೊಳಗೆ ಕಾಯ್ತಾ ಕೂತಿದ್ದ,” ಎಂದ. “ನಾನೇ ಕೇಳ್ಲಿಲ್ಲ.”

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಅವನು ಕಾಗದವನ್ನು ಹಲಗೆಯಿಂದ ಬಿಡಿಸಿ, ಮಡಚಿ, ತೋಟಾ ಸುತ್ತಿದ್ದ ಬಟ್ಟೆಯೊಳಗೆ ಇಟ್ಟುಕೊಂಡ.

“ಕೊಂಬು ಕಟ್ಲಾ ಯಜಮಾನ್ರೇ?” ಎಂದು ವಿನ್ಸ್ ಕೇಳಿದ.

“ಅದು ನಿನ್ನ ಕೋಣ.”

ಹೊರಡುವಾಗ ಲಿಂಡ್ಸೆ ಎಂದಿನಂತೆ ಮುಂದಿನ ಸೀಟಿಗೆ ಹತ್ತಲು ಬಂದ. ಬೆಳಗಿನಿಂದ ಅವನ ಬಾಯಲ್ಲಿ ಅಣ್ಣನ ಹೆಸರು ಒಂದು ಸಲವೂ ಬಂದಿರಲಿಲ್ಲ. ನಾನು ಗಮನಿಸಿರಲಿಲ್ಲ, ಆಗ್ನೆಸ್ ಗಮನಿಸಿದ್ದಳು. ಮಾಂಸದ ಮೂಟೆಯನ್ನು ಅತ್ತ ತಳ್ಳಿ, ಹಾಸಿಗೆ ಸುರುಳಿಯ ಮೇಲೆ ತನ್ನ ಪಕ್ಕ ಜಾಗ ಮಾಡಿ, “ಬಾರೋ, ಇಲ್ಲಿ ಕೂತ್ಕೋ,” ಎಂದಳು.