ಇಬ್ಬರು ಚಿಕ್ಕಮಾದಮ್ಮಂದಿರು, ಒಂದು ಸೂಜಿ

“ಗಂಡನ್ ಎಸ್ರಾ? ಅದ್ನೆಂಗವ್ವಾ ಬಾಯ್ಬುಟ್ಟು ಯೇಳದು!” ಎಂದಳು ಚಿಕ್ಕಮಾದಮ್ಮ.

ಹನೂರಿನ ಆಸ್ಪತ್ರೆಯಲ್ಲಿ ಅಂದು ಚಿಕ್ಕಮಾದಮ್ಮಂದಿರು ಇಬ್ಬರಿದ್ದರು. ಶಾಗ್ಯ ಎಂಬ ಹಳ್ಳಿಯ ಒಂದೇ ಮನೆಯ ವಾರಗಿತ್ತಿಯರು, ಇಬ್ಬರಿಗೂ ಜ್ವರ. ಯಾರ ಚೀಟಿ ಯಾವುದೆಂದು ಗುರುತಿಸಲು ಅದರಲ್ಲಿದ್ದದ್ದು ಗಂಡನ ಹೆಸರೊಂದೇ. ಒಬ್ಬಳಿಗೆ ಪೆನಿಸಿಲಿನ್ ಸೂಜಿ ಹಾಕಬೇಕು. ಇನ್ನೊಬ್ಬಳ ಮೈಗೆ ಅದು ಆಗದು, ಹಾಕಿದರೆ ಜೀವಕ್ಕೇ ಸಂಚಕಾರ ಎಂದು ಎಚ್ಚರಿಸಿಯೇ ಡಾಕ್ಟರು ಕ್ಯಾಂಪಿಗೆ ಹೋಗಿದ್ದರು.

ಕುದಿಸಿದ ಗಾಜಿನ ಸಿರಿಂಜು ಹಿಡಿದು ನಿಂತಿದ್ದ ನರ್ಸ್ ಸುಗುಣಮ್ಮ, ಸೂಜಿಯ ಚೀಟಿಯಲ್ಲಿದ್ದ ಗಂಡನ ಹೆಸರನ್ನು ತಾನಾಗಿ ಓದಿ ಹೇಳುವಂತಿರಲಿಲ್ಲ. ಹೇಳಿದರೆ ಸೂಜಿಯ ಆಸೆಗೆ ಇಬ್ಬರೂ ಹೂಂ ಅನ್ನುವವರೇ. ಆಗಲೇ ಇಬ್ಬರೂ ತೋಳು ಚಾಚಿ ಕೂತಿದ್ದರು!

“ಹೆಸರು ಹೇಳದೆ ಇದ್ರೆ ಯಾರಿಗೂ ಸೂಜಿ ಇಲ್ಲ ನೋಡಿ.”

“ಸತ್ರೂ ಯೇಳ್ನಾರೆ ಕಣವ್ವ,” ಎಂದಳು ಹಿರಿಯಳು. ಕಿರಿಯಳು ತಲೆಯಾಡಿಸಿದಳು.

ಸುಗುಣಮ್ಮನಿಗೆ ಏನೋ ಹೊಳೆಯಿತು. “ಹೋಗ್ಲಿ ಅಮ್ಮ, ಇವಳ ಗಂಡನ ಹೆಸರು ಹೇಳಿ. ನಿಮಗೆ ಮೈದುನ ತಾನೆ?”

ಹಿರಿಯಳ ಮುಖ ಅರಳಿತು. “ಅವ್ನಾ? ಜಡೇಸ್ವಾಮಿ ಕಣವ್ವ! ನಾನು ಮದ್ವೆಯಾಗಿ ಬಂದಾಗ ಗೊಣ್ಣೆ ಸುರಿಸ್ಕಂಡು ನನ್ ಸೆರಗಿಡ್ಕಂಡು ತಿರುಗ್ತಿದ್ದ. ಈಗ ಇವ್ಳ ಸೆರಗು ಸಿಕ್ತು!”

“ಅಕ್ಕಾ, ಸುಮ್ಕಿರಕ್ಕಾ!” ಎಂದು ಕಿರಿಯಳು ಮುಖ ಮುಚ್ಚಿಕೊಂಡಳು.

ಸೂಜಿಯ ಚೀಟಿಯಲ್ಲಿದ್ದದ್ದೂ ಜಡೇಸ್ವಾಮಿಯೇ. ಕಿರಿಯಳು ಇನ್ನೂ ಕಿಸಿಕಿಸಿ ನಗುತ್ತಿರುವಾಗಲೇ ಸೂಜಿ ಒಳಹೋಗಿ ಹೊರಬಂದಿತ್ತು.