ಅವರ ಕೈಯಲ್ಲಿದ್ದ ಕೀ

ನನ್ನ ಗಂಡ ಕಾರಿನ ಕೀ ಹಿಡಿದುಕೊಂಡೇ ಮಣ್ಣಿಗೆ ಹೋದರು. ಇದನ್ನು ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಗಬೇಕೋ ಅಳಬೇಕೋ ತಿಳಿಯದೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ನಗುವವರು ನಗಲಿ. ಓಂಕಾರೇಶ್ ಬದುಕಿದ್ದಾಗಲೂ ನಾಲ್ಕು ಜನರನ್ನು ನಗಿಸಿದ ಮನುಷ್ಯನೇ.

ಆದದ್ದಿಷ್ಟು. ಕಾರು ಕೊಂಡದ್ದು ತರೀಕೆರೆಯಲ್ಲಿ, ಬೇರೆಯವರು ಓಡಿಸಿ ಬಿಟ್ಟದ್ದು. ಅದರ ಜೊತೆ ಬಂದದ್ದು ಒಂದೇ ಕೀ. ತೂರಿಸಿ ತಿರುಗಿಸುವ ಕೀ ಅಲ್ಲ, ಕರಿಯ ರಿಮೋಟು. ಅದು ಮೈಮೇಲೆ ಇದ್ದರೆ ಸಾಕು, ಬಾಗಿಲು ತೆರೆಯುತ್ತದೆ, ಗುಂಡಿ ಒತ್ತಿದರೆ ಕಾರು ಸ್ಟಾರ್ಟ್ ಆಗುತ್ತದೆ. ಇವರೋ ವಸ್ತು ಕಳೆಯುವುದರಲ್ಲಿ ಎತ್ತಿದ ಕೈ. ಕೊಂಡ ಹೊಸದರಲ್ಲೇ ಒಮ್ಮೆ ಕೊಬ್ಬರಿ ಮೂಟೆಯೊಳಗೆ, ಇನ್ನೊಮ್ಮೆ ಸಿಂಗಟಗೆರೆಯ ನೆಂಟರ ಮನೆಯ ಬಚ್ಚಲಲ್ಲಿ ಬಿಟ್ಟು ಬಂದರು. ಕೊನೆಗೆ ಇವರು ಕಂಡುಕೊಂಡ ಉಪಾಯ ಏನು ಗೊತ್ತೆ? ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ವಸ್ತ್ರವಿತ್ತಲ್ಲ, ಅದರ ಒಂದು ಕಡೆ ಲಿಂಗ, ಇನ್ನೊಂದು ತುದಿಯಲ್ಲಿ ಕೀ ಸುತ್ತಿ ಗಂಟು ಹಾಕಿಕೊಂಡರು.

"ರೀ, ಶಿವನ ಪಕ್ಕ ಕಾರಿನ ಕೀ ಇಡ್ತೀರಲ್ಲ, ನಿಮಗೇನಾದ್ರೂ ಬುದ್ಧಿ ಇದೆಯಾ?" ಎಂದು ಬೈದೆ.

"ಅವನಿಗಿಂತ ಭದ್ರವಾದ ಜಾಗ ಯಾವ್ದೈತೆ ಕಣೇ? ನಾನು ಎಲ್ಲಿಗೋದ್ರೂ ಅವನು ಜೊತೇಲೇ ಬತ್ತಾನೆ. ಕೀನೂ ಬತ್ತೈತೆ," ಎಂದರು. ಈ ಮನುಷ್ಯನ ಹತ್ತಿರ ವಾದ ಮಾಡಿ ಗೆದ್ದವರುಂಟೆ?

ಅವರು ಹೋದದ್ದು ಅಜ್ಜಂಪುರದ ಆಚೆ ಇರುವ ನಮ್ಮ ತೋಟದಲ್ಲಿ. ಹಿಪ್ಪೆಮರದ ನೆರಳಿಗೆ ಕಾರು ನಿಲ್ಲಿಸಿ ಲಾಕ್ ಮಾಡಿ, ಕಾಯಿ ಕೀಳುವವರ ಜೊತೆ ಮಾತಾಡುತ್ತಾ ನಿಂತಿದ್ದವರು ಯಾಕೋ ಬೆವರು ಅಂತ ಕೂತರಂತೆ. ಕೂತವರು ಏಳಲಿಲ್ಲ. ಗೂಡ್ಸ್ ಆಟೋದಲ್ಲಿ ಆಸ್ಪತ್ರೆಗೆ ಒಯ್ದರು, ಅದೇ ಆಟೋದಲ್ಲಿ ಮನೆಗೆ ತಂದರು. ನನ್ನ ಲೋಕ ಅಷ್ಟರಲ್ಲಿ ಮುಗಿದು ಹೋಗಿತ್ತು.

ನಮ್ಮಲ್ಲಿ ಸುಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂರಿಸಿಯೇ ಮಣ್ಣು ಮಾಡುವುದು. ಕ್ರಿಯೆ ಮಾಡಿಸಲು ಬಂದ ವಿಶ್ವಾರಾಧ್ಯ ಅಯ್ಯನವರು ಎಡ ಅಂಗೈಯಲ್ಲಿ ಲಿಂಗವಿಟ್ಟು ಅದೇ ವಸ್ತ್ರದಿಂದ ಕೈ ಸುತ್ತಿ ಕಟ್ಟಿದರು. ವಸ್ತ್ರದ ತುದಿಯಲ್ಲಿ ಗಟ್ಟಿ ಗಂಟೊಂದು ಅವರ ಕೈಗೆ ಸಿಕ್ಕಿತಂತೆ. ವಿಭೂತಿ ಗಟ್ಟಿ ಕಟ್ಟಿಕೊಂಡಿದ್ದಾರೆ, ಪುಣ್ಯಾತ್ಮ, ಅಂದುಕೊಂಡರಂತೆ. ಲಿಂಗದ ವಸ್ತ್ರದ ಗಂಟನ್ನು ಬಿಚ್ಚಿ ಏನಿದೆ ಅಂತ ಹುಡುಕುವ ಜನ ನಾವಲ್ಲ. ನನಗಾದರೂ ಆ ಹೊತ್ತಿನಲ್ಲಿ ಕಾರು ನೆನಪಾಗುತ್ತದೆಯೇ? ಹಿಪ್ಪೆಮರದ ಬುಡದಲ್ಲಿ ಅವರ ತಂದೆಯ ಸಮಾಧಿ ಇತ್ತು. ಅದರ ಪಕ್ಕಕ್ಕೇ ಗುಂಡಿ ತೆಗೆದರು. ಕಾರು ಅಲ್ಲೇ ನಿಂತಿತ್ತು. ಸಮಾಧಿಗೂ ಕಾರಿಗೂ ನಡುವೆ ಒಬ್ಬರು ಓಡಾಡುವಷ್ಟು ಜಾಗ, ಅಷ್ಟೆ.

ಆಮೇಲೆ ಕೀಗಾಗಿ ಮನೆಯೆಲ್ಲಾ ಜಾಲಾಡುವಾಗ ನನಗೆ ಹೊಳೆಯಿತು. ಅಯ್ಯನವರನ್ನು ಕೇಳಿದೆ. ಗಂಟಿನ ವಿಷಯ ಹೇಳಿ ಅವರು ತಲೆ ಮೇಲೆ ಕೈ ಹೊತ್ತು ಕೂತರು. ಬಂದವರೆಲ್ಲಾ "ಅಯ್ಯೋ ಶಿವನೇ, ಹಿಂಗೂ ಆಗುತ್ತಾ!" ಎಂದು ಲೊಚಗುಟ್ಟಿದರು. ನನಗೆ ಮಾತ್ರ ಒಳಗೊಳಗೇ ಒಂದು ಸಮಾಧಾನ. ಬರಿಗೈಯಲ್ಲಿ ಹೋಗಲಿಲ್ಲವಲ್ಲ ಅಂತ. ಕೀ ಅವರ ಕೈಯಲ್ಲಿದೆ, ಕಾರು ಬಾಗಿಲಲ್ಲಿದೆ, ಮನಸ್ಸು ಬಂದ ದಿನ ಎದ್ದು ಬರಬಹುದು. ಹುಚ್ಚು ಅಂತ ನನಗೂ ಗೊತ್ತು. ಆದರೆ ಮಕ್ಕಳಿಲ್ಲದ ಮನೆಯಲ್ಲಿ ಒಬ್ಬಳೇ ಒಂದು ರೊಟ್ಟಿ ತಟ್ಟಿ, ಅದರಲ್ಲೂ ಅರ್ಧ ಉಳಿಸಿ, ಟಿವಿ ಹಾಕಿಕೊಂಡು ಅದರ ಸದ್ದಿಗೆ ನಿದ್ದೆ ಮಾಡುವವಳಿಗೆ ಹುಚ್ಚೂ ಒಂದು ಜೊತೆಯೇ. ಶಿವಗಣಾರಾಧನೆ ಮುಗಿಯುವವರೆಗೆ ಮನೆ ತುಂಬಾ ಜನವೋ ಜನ. ಮುಗಿದ ಮೇಲೆ ಹಾಲಿನವಳು ಕೂಡ ಪಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗತೊಡಗಿದಳು.

ಹಾಗಾಗಿ ನಾನು ದಿನಾ ತೋಟಕ್ಕೆ ಹೋಗುತ್ತಿದ್ದೆ. ಕಾರಿಗೆ ಒರಗಿ ನಿಂತು ಅವರ ಜೊತೆ ಮಾತಾಡುತ್ತಿದ್ದೆ. ಬೈಯುವುದೇ ಹೆಚ್ಚು. ನನ್ನನ್ನು ಬಿಟ್ಟು ಹೋದಿರಲ್ಲ ಅಂತ, ಮೋಟಾರ್ ಕೆಟ್ಟಿದೆ ಯಾರಿಗೆ ಹೇಳಲಿ ಅಂತ, ನಿಮ್ಮ ತಂಗಿ ಫೋನು ಕೂಡ ಮಾಡುವುದಿಲ್ಲ ಅಂತ.

ವರ್ಷ ತುಂಬುತ್ತಾ ಬಂದಾಗ ಮೈದುನ ಈರಭದ್ರಪ್ಪ ಬಂದ. ಕಡೂರಿನಲ್ಲಿ ಅವನದು ಗೊಬ್ಬರದ ಅಂಗಡಿ. ಪುಣ್ಯಸ್ಮರಣೆಯ ಹೊತ್ತಿಗೆ ಅಣ್ಣನ ಸಮಾಧಿಗೆ ಕಲ್ಲು ಕಟ್ಟಿಸಬೇಕು ಅಂತ ತರೀಕೆರೆ ಕಡೆಯ ಕಲ್ಲುಕೆಲಸದವರಿಗೆ ಹೇಳಿಬಿಟ್ಟಿದ್ದ.

"ಅತ್ತಿಗೆ, ಆ ಕಾರು ಅಡ್ಡ ಆಗ್ತೈತೆ. ಗಾಜು ಒಡ್ದು, ಟ್ರ್ಯಾಕ್ಟರ್‌ಗೆ ಕಟ್ಟಿ ದರದರ ಎಳ್ಸಿಬಿಡ್ತೀನಿ."

"ಎಳ್ಸೋಕೆ ಅದೇನು ಸತ್ತ ಎಮ್ಮೆನಾ?" ಎಂದೆ. ನನ್ನ ಬಾಯಿ ಸ್ವಲ್ಪ ಜೋರು, ಅವನಿಗೂ ಗೊತ್ತು. "ಕೀ ಮಾಡ್ಸು. ಹೊಸ ಕೀ ಹಾಕ್ಕೊಂಡು ನಾನೇ ಓಡಿಸ್ಕೊಂಡು ಹೋಗ್ತೀನಿ."

"ನೀವಾ?" ಎಂದು ನಕ್ಕ. ನಗಲಿ. ಅಮೃತಮಹಲ್ ಕಾವಲಿನ ಬಯಲಲ್ಲಿ ಅವರು ನನಗೆ ಕಾರು ಕಲಿಸಿದ್ದರು. ಅರ್ಧವೇ ಕಲಿತದ್ದು, ಆದರೂ ಮನೆಯವರೆಗೆ ತರುವಷ್ಟು ಬರುತ್ತಿತ್ತು.

ಮರುದಿನ ಬೆಳಿಗ್ಗೆ ಮೈದುನ ಹೇಳಿ ಕಳಿಸಿದ ಶಿವಕುಮಾರ್ ಎಂಬಾತ ಕಡೂರಿನಿಂದ ಬೈಕಿನಲ್ಲಿ ತೋಟಕ್ಕೆ ಬಂದ. ರಿಮೋಟ್ ಕೀ ಮಾಡುವವನು. ಬೆನ್ನಿಗೆ ಚೀಲ, ಕಾಲಿನ ಹತ್ತಿರ ಒಂದು ಬ್ಯಾಟರಿ. ಕಾರಿನ ದಾಖಲೆ, ನನ್ನ ಆಧಾರ್ ಎಲ್ಲಾ ನೋಡಿದ. ತೆಳ್ಳನೆಯ ಕಡ್ಡಿಯಿಂದ ಬಾಗಿಲು ಬಿಡಿಸಿದ, ಬಾನೆಟ್ ಎತ್ತಿ ತಾನು ತಂದ ಬ್ಯಾಟರಿಯ ವೈರು ಸಿಕ್ಕಿಸಿದ. ವರ್ಷದಿಂದ ಕಣ್ಣು ಮುಚ್ಚಿದ್ದ ಕಾರು ದೀಪ ಹೊತ್ತಿಸಿಕೊಂಡು ಲಬೋ ಲಬೋ ಎಂದು ಹಾರ್ನ್ ಹೊಡೆಯತೊಡಗಿತು. ಒಳಗೆ ಸೀಟಿನ ಮೇಲೆ ಅವರ ಟವೆಲ್ಲು ಇತ್ತು. ಅದನ್ನು ತೆಗೆದು ಮಡಿಲಿಗೆ ಹಾಕಿಕೊಂಡೆ.

ಹಾರ್ನ್ ನಿಲ್ಲಿಸಿ, ಸ್ಟೀರಿಂಗಿನ ಕೆಳಗೆ ಸ್ಕ್ಯಾನರಿನ ವೈರು ಚುಚ್ಚಿ, ಅದರ ಪರದೆ ನೋಡುತ್ತಾ ಶಿವಕುಮಾರ್ ಹೇಳಿದ: "ಆಗುತ್ತಕ್ಕಾ. ಮೊದ್ಲು ಹಳೇ ಕೀ ಅಳಿಸ್ಬಿಡ್ತೀನಿ, ಆಮೇಲೆ ಹೊಸದು ಬರ್ಕೊಳ್ಳುತ್ತೆ."

"ಅಳಿಸೋದು ಅಂದ್ರೆ?"

"ಕಾರು ಅದನ್ನ ಮರ್ತುಬಿಡುತ್ತೆ. ಆಮೇಲೆ ಆ ಕೀ ತಂದು ಬಾಗಿಲ ಮುಂದೆ ನಿಂತ್ರೂ ಯಾರೋ ಏನೋ ಅನ್ಕೊಳ್ಳುತ್ತೆ. ಒಳ್ಳೇದೇ ಅಲ್ವಾ, ಕಳೆದೋಗಿರೋ ಕೀ ಯಾರಿಗಾದ್ರೂ ಸಿಕ್ಕಿದ್ರೆ ಗಾಡಿ ಹೊಡ್ಕೊಂಡೋಗ್ತಾರೆ."

ಹೊಸ ಕೀ ಅಂದರೆ ಹೊಸ ಕೀ, ಹಳೆಯದು ಅದರ ಪಾಡಿಗೆ ಇರುತ್ತದೆ ಎಂದು ತಿಳಿದಿದ್ದೆ. ಅವರ ಕಾರೇ ಅವರನ್ನು ಯಾರೋ ಏನೋ ಅನ್ನುವುದೆಂದರೇನು?

"ಬೇಡಪ್ಪ," ಎಂದೆ. "ಹಳೇದು ಅಳಿಸ್ಬೇಡ. ಅದು ಇರ್ಲಿ, ಹೊಸದು ಇನ್ನೊಂದು ಸೇರ್ಸು."

"ಹಂಗೆ ಆಗಲ್ಲಕ್ಕಾ. ಹಳೇ ಕೀ ಪಕ್ಕದಲ್ಲಿದ್ರೆ ಅದನ್ನ ತೋರ್ಸಿ ಹೊಸದು ಸೇರ್ಸ್ಬೌದು. ಈ ಗಾಡಿಗೆ ಒಂದೂ ಇಲ್ಲ ಅಂದ್ರೆ ಎಲ್ಲಾ ಅಳ್ಸಿ ಹೊಸದಾಗೇ ಬರೀಬೇಕು."

"ಪಕ್ಕದಲ್ಲೇ ಇದೆ."

"ಎಲ್ಲೈತೆ ಕೊಡಿ ಮತ್ತೆ! ಮೊದ್ಲೇ ಹೇಳ್ಬಾರ್ದಾ?"

ನಾನು ಸಮಾಧಿ ತೋರಿಸಿದೆ. ಲಿಂಗದ ವಸ್ತ್ರ, ಅಯ್ಯನವರು, ಗಂಟು, ಎಲ್ಲಾ ಹೇಳಿದೆ. ಈತನೂ ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಕಾರಿನಿಂದ ಇಳಿದು, ಚಪ್ಪಲಿ ಬಿಟ್ಟು, ಸಮಾಧಿಗೆ ಕೈಮುಗಿದು ಬಂದ.

"ಒಳಗಿನ ಸೆಲ್ಲು ಹೊಸದಿತ್ತಾ ಅಕ್ಕಾ?"

"ಅವರು ಹೋಗೋಕೆ ಮುಂಚಿನ ಯುಗಾದಿಗೆ ಹಾಕ್ಸಿದ್ರು."

"ಹಂಗಾದ್ರೆ ಇನ್ನೂ ಜೀವ ಇರ್ಬೌದು. ಆದ್ರೆ ಇದು ಎರಡು ಮೂರು ಅಡಿ ದೂರಕ್ಕೆ ಮಾತ್ರ ಕೇಳ್ಸೋದು. ಮಣ್ಣು ಬೇರೆ. ಉಪ್ಪೂ ಹಾಕಿರ್ತೀರಲ್ವಾ, ಅದು ಸೆಲ್ಲನ್ನ ತಿಂದ್ಬಿಡುತ್ತೆ."

"ಮೂಟೆಗಟ್ಟಲೆ."

ಅವನು ತಲೆ ಕೆರೆದುಕೊಂಡ. ಆಗಲ್ಲ ಅಂತ ಅವನಿಗೆ ಗೊತ್ತಿತ್ತು, ಅವನ ಮುಖವೇ ಹೇಳುತ್ತಿತ್ತು. ನನ್ನ ಮುಖ ಅವನಿಗೆ ಏನು ಹೇಳಿತೋ, "ಒಂದ್ಸಲ ನೋಡಾಣ ಬನ್ನಿ," ಎಂದ. "ನೀವೇ ಕೂತ್ಕೊಂಡು ಒತ್ತಿ."

ಇಬ್ಬರೂ ಸೇರಿ ಕಾರನ್ನು ನೂಕಿ ಸಮಾಧಿಯ ಮಣ್ಣಿಗೆ ತಾಗುವಷ್ಟು ಹತ್ತಿರ ತಂದೆವು. ಟೈರಿನಲ್ಲಿ ಗಾಳಿ ಇರಲಿಲ್ಲ. ನನ್ನ ತೋಳಿನ ಶಕ್ತಿಯೆಲ್ಲಾ ಅಲ್ಲೇ ಮುಗಿಯಿತು. ಅವರು ಕೂರುತ್ತಿದ್ದ ಸೀಟಿನಲ್ಲಿ ಕೂತು, ಕ್ಲಚ್ ತುಳಿದು, ಗುಂಡಿ ಒತ್ತಿದೆ. ಟಕ್ ಎಂದಿತು. ಮೀಟರಿನಲ್ಲಿ ಇಂಗ್ಲಿಷಿನಲ್ಲಿ ಏನೋ ಬಂತು.

"ಏನಂತೆ?"

"ಕೀ ಕಾಣ್ತಿಲ್ಲ ಅಂತೈತೆ ಅಕ್ಕಾ."

ಮತ್ತೆ ಒತ್ತಿದೆ. ಕೀ ಕಾಣ್ತಿಲ್ಲ. ಇಳಿದು ಬಾಗಿಲೆಲ್ಲಾ ತೆರೆದಿಟ್ಟು ಬಂದು ಮತ್ತೆ ಒತ್ತಿದೆ. ಕೀ ಕಾಣ್ತಿಲ್ಲ. ಶಿವಕುಮಾರ್ ಮರದ ಕಡೆ ಮುಖ ಮಾಡಿಕೊಂಡು ನಿಂತ. ನನಗೆ ಎಲ್ಲಿತ್ತೋ ಆ ಕೋಪ. ವರ್ಷವಿಡೀ ಬೈದಿದ್ದೆ, ಹೀಗೆ ಬೈದಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚಿದೆ.

"ರೀ! ಇಷ್ಟು ಹತ್ರ ತಂದು ನಿಲ್ಸಿದ್ದೀನಲ್ರೀ! ಆ ಕೈ ಒಂಚೂರು ಮೇಲೆತ್ತೋಕೆ ಆಗಲ್ವಾ ನಿಮಗೆ? ಒಂದೇ ಒಂದು ಸಲ! ಇನ್ನೇನೂ ಕೇಳಲ್ಲ ಕಣ್ರೀ ನಾನು!"

ಗುಂಡಿ ಒತ್ತಿದೆ. ಟಕ್. ಅದೇ ಅಕ್ಷರ.

ನೀವು ನಂಬುತ್ತೀರೋ ಇಲ್ಲವೋ, ನನ್ನ ಗಂಡ ಸತ್ತಿದ್ದಾರೆ ಎಂದು ನನಗೆ ತಿಳಿದದ್ದು ಆಗ. ಹೆಣ ತೊಳೆದಾಗ ಅಲ್ಲ, ಮಣ್ಣು ಹಾಕಿದಾಗ ಅಲ್ಲ, ಕುಂಕುಮ ಇಡೋದೋ ಬೇಡವೋ ಅಂತ ನೆಂಟರು ಪಿಸುಗುಟ್ಟಿದಾಗಲೂ ಅಲ್ಲ. ನಾನು ಕೇಳಿದ್ದನ್ನು ಮಾಡದೇ ಇರುವ ಮನುಷ್ಯ ಅಲ್ಲ ಅವರು. ಗೊಣಗುತ್ತಿದ್ದರು, ಕೊಂಕು ಮಾತಾಡುತ್ತಿದ್ದರು, ಕೊನೆಗೆ ಮಾಡಿಯೇ ಮಾಡುತ್ತಿದ್ದರು. ಆಗದೆ ಇದ್ದರೆ ತಾನೆ ಮಾಡದೆ ಇರುವುದು? ಸ್ಟೀರಿಂಗಿನ ಮೇಲೆ ತಲೆಯಿಟ್ಟು ದನದ ಹಾಗೆ ಅತ್ತೆ. ಶಿವಕುಮಾರ್ ಬಾಟಲಿಯಲ್ಲಿ ನೀರು ತಂದು ಸೀಟಿನ ಮೇಲಿಟ್ಟು ಮತ್ತೆ ದೂರ ಹೋದ.

ಎಷ್ಟೋ ಹೊತ್ತಾದ ಮೇಲೆ ಮುಖ ತೊಳೆದುಕೊಂಡು ಅವನನ್ನು ಕರೆದೆ.

"ಅಳಿಸ್ಬಿಡಪ್ಪ."

"ನಿಧಾನ ಮಾಡಿ ಅಕ್ಕಾ. ಬೇಕಾದ್ರೆ ನಾಳೆ ಬತ್ತೀನಿ."

"ನಾಳೆಗೆ ಅವರು ಎದ್ದು ಬರ್ತಾರಾ? ಈಗ್ಲೇ ಅಳಿಸು."

ಸ್ಕ್ಯಾನರಿನ ಪರದೆ ನನ್ನ ಕಡೆ ತಿರುಗಿಸಿ, ಹಸಿರು ಗುಂಡಿ ತೋರಿಸಿ, "ಇದನ್ನ ಒತ್ತಿದ್ರೆ ಹೋಯ್ತು. ನಾನು ಒತ್ಲಾ, ನೀವು ಒತ್ತೀರಾ?" ಎಂದ. ಬೇರೆಯವರ ಕೈಯಲ್ಲಿ ಯಾಕೆ? ನಾನೇ ಒತ್ತಿದೆ. ದೊಡ್ಡದೇನೂ ಆಗಲಿಲ್ಲ. ಒಂದು ಗೆರೆ ಎಡದಿಂದ ಬಲಕ್ಕೆ ತುಂಬಿಕೊಂಡಿತು, ಕೀಗಳ ಲೆಕ್ಕದಲ್ಲಿ ಸೊನ್ನೆ ಬಂತು. ಹೊಸ ರಿಮೋಟನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿಯಿರಿ ಎಂದ, ಹಿಡಿದೆ. ಸೊನ್ನೆ ಹೋಗಿ ಒಂದು ಬಂತು.

"ಇನ್ನೊಂದು ಬರ್ದುಕೊಡ್ಲಾ ಅಕ್ಕಾ? ಒಂದು ಕಳೆದ್ರೆ ಇನ್ನೊಬ್ರ ಹತ್ರ ಇರ್ಲಿ ಅಂತ."

"ಇನ್ನೊಬ್ರು ಯಾರೂ ಇಲ್ಲ ಕಣಪ್ಪ," ಎಂದೆ.

ಅವನು ಚೀಲದಿಂದ ಪಂಪು ತೆಗೆದು ಟೈರಿಗೆ ಗಾಳಿ ಹೊಡೆದ. ಗುಂಡಿ ಒತ್ತಿದೆ. ಕಾರು ಮೊದಲು ಕೆಮ್ಮಿತು, ಆಮೇಲೆ ಗುರ್ ಎಂದು ಹೊತ್ತಿಕೊಂಡಿತು. ಅರ್ಧ ಗಂಟೆ ಎಂಜಿನ್ ಆರಿಸಬೇಡಿ, ಬ್ಯಾಟರಿ ತುಂಬಿಕೊಳ್ಳಲಿ ಎಂದು ಹೇಳಿ ಶಿವಕುಮಾರ್ ಬೈಕ್ ಹತ್ತಿದ. ಗೇಟಿನ ಹತ್ತಿರ ನಿಂತು ಒಮ್ಮೆ ತಿರುಗಿ ನೋಡಿ ಹೋದ.

ಉಳಿದದ್ದು ನಾವಿಬ್ಬರೇ. ಎಂಜಿನ್ ಹಾಗೇ ಬಿಟ್ಟು, ಕೆಳಗಿಳಿದು ಸಮಾಧಿಯ ಹತ್ತಿರ ಕೂತೆ.

"ರೀ, ನಿಮ್ಮ ಕೀ ಇನ್ನು ನಡೆಯಲ್ಲ," ಎಂದೆ. "ನಾನೇ ಅಳಿಸ್ದೆ. ಬೈಯೋದಿದ್ರೆ ಬೈದುಬಿಡಿ. ಇನ್ಮೇಲೆ ಎಲ್ಲಿಗೆ ಹೋಗ್ಬೇಕಂದ್ರೂ ನನ್ನನ್ನ ಕೇಳ್ಬೇಕು ನೀವು."

ಕೇಳಲಿ ಅಂತ ಸ್ವಲ್ಪ ಹೊತ್ತು ಕೂತೇ ಇದ್ದೆ. ಅವರಿಗೆ ಎಲ್ಲಿಗೂ ಹೋಗುವುದಿರಲಿಲ್ಲ. ನನಗಿತ್ತು. ಎದ್ದು ಸೀರೆಯ ಮಣ್ಣು ಕೊಡವಿ, ಕಾರನ್ನು ಹಿಂದಕ್ಕೆ ತೆಗೆದುಕೊಂಡು, ಒಬ್ಬಳೇ ಮನೆಗೆ ಬಂದೆ.